ಬೇಲಿ ಮೇಯುವ ಜೀವಿಗಳು

ಕರುಳಿನಲ್ಲಿ ‘ಒಳ್ಳೆಯ ಬ್ಯಾಕ್ಟೀರಿಯಾ’ ಕಡಿಮೆಯಾಗಿವೆ, ಈ ಕ್ಯಾಪ್ಸೂಲು ನುಂಗಿ ಹೆಚ್ಚಿಸಿಕೊಳ್ಳಿ: ಮುಂಬಯಿಯಿರಲಿ ಚೆನ್ನೈಯಿರಲಿ, ಔಷಧಿ ಅಂಗಡಿಯ ಕೌಂಟರಿನಲ್ಲಿ ಈ ಮಾತು ಎದುರಾಗುತ್ತದೆ. ಬಯಲಾಟದ ಪಾತ್ರಗಳ ಹಾಗೆ ಜೀವಿಗಳನ್ನು ದೇವತೆ, ರಕ್ಕಸ ಎಂದು ವಿಂಗಡಿಸುವ ಈ ಭಾಷೆ ಅರ್ಥವಾಗುವುದು ಸುಲಭ, ಮಾರುವುದು ಇನ್ನೂ ಸುಲಭ. ಆದರೆ ಕರುಳಿನ ಉರಿಯೂತದ ಬಗ್ಗೆ ಕಳೆದ ಎರಡು ದಶಕಗಳಲ್ಲಿ ತಿಳಿದುಬಂದಿರುವುದನ್ನು ನೋಡಿದರೆ ಅದು ದಾರಿ ತಪ್ಪಿಸುವ ಭಾಷೆ. ಯಾವ ಜೀವಿ ಇದೆ ಎಂದು ಕೇಳಿದರೆ ಸಾಲದು. ಅದು ಎಲ್ಲಿದೆ, ಏನು ತಿನ್ನುತ್ತಿದೆ ಎಂದೂ ಕೇಳಬೇಕು.

ಎಲ್ಲಿರಬೇಕು ಎಂಬುದನ್ನು ನಿರ್ಧರಿಸುವುದು ಲೋಳೆ. ಲೋಳೆ ಎಂದರೆ ಮುಖ ಸಿಂಡರಿಸುವವರೇ ಹೆಚ್ಚು. ಬೆಂಡೆಕಾಯಿಯದು ಹೋಗಲೆಂದು ಹುಳಿ ಹಾಕಿ ಹುರಿಯುತ್ತಾರೆ. ದೊಡ್ಡ ಕರುಳಿಗೆ ಮಾತ್ರ ಅದೇ ಕಾವಲು. ಒಳಗೋಡೆಯ ಗಾಬ್ಲೆಟ್ ಕೋಶಗಳು ಮ್ಯೂಸಿನ್ ಎಂಬ, ಸಕ್ಕರೆಯ ಸರಪಳಿಗಳನ್ನು ಹೊದ್ದ ಪ್ರೋಟೀನನ್ನು ಸದಾ ಸ್ರವಿಸುತ್ತವೆ. ನೀರು ಹೀರಿ ಉಬ್ಬಿ ಅದು ಲೋಳೆಯಾಗುತ್ತದೆ. 2008ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಗುನ್ನಾರ್ ಹ್ಯಾನ್ಸನ್ ಅವರ ತಂಡ ಇಲಿಗಳ ದೊಡ್ಡ ಕರುಳಿನಲ್ಲಿ ಈ ಲೋಳೆಗೆ ಎರಡು ಪದರಗಳಿವೆ ಎಂದು ತೋರಿಸಿತು. ಹೊರಪದರ ಸಡಿಲ, ಬ್ಯಾಕ್ಟೀರಿಯಾಗಳ ವಾಸ ಅಲ್ಲಿ. ಗೋಡೆಗೆ ಅಂಟಿದ ಒಳಪದರ ದಟ್ಟ, ಅಲ್ಲಿಗೆ ಅವುಗಳಿಗೆ ಪ್ರವೇಶವಿಲ್ಲ. ಮಕ್-2 ಎಂಬ ಮುಖ್ಯ ಮ್ಯೂಸಿನ್ ತಯಾರಾಗದಂತೆ ಮಾಡಿದ ಇಲಿಗಳಲ್ಲಿ ಬ್ಯಾಕ್ಟೀರಿಯಾಗಳು ನೇರವಾಗಿ ಗೋಡೆಗೇ ತಾಗುತ್ತವೆ. ಕರುಳಿನಲ್ಲಿ ತಾನಾಗಿಯೇ ಉರಿಯೂತ ಹುಟ್ಟುತ್ತದೆ. ಹೊಸ ರೋಗಾಣು ಯಾವುದೂ ಬರಬೇಕಿಲ್ಲ, ನಡುವಿನ ಅಂತರ ಹೋದರೆ ಸಾಕು.

ಅಲ್ಸರೇಟಿವ್ ಕೊಲೈಟಿಸ್ ಉಲ್ಬಣಿಸಿದ ರೋಗಿಗಳಲ್ಲೂ ಒಳಪದರದೊಳಗೆ ಬ್ಯಾಕ್ಟೀರಿಯಾ ನುಗ್ಗುವುದು ಕಂಡುಬಂದಿದೆ. ಲೋಳೆ ಸೊರಗಿದ್ದರಿಂದ ಉರಿಯೂತ ಬಂತೋ, ಉರಿಯೂತದಿಂದ ಲೋಳೆ ಸೊರಗಿತೋ ಎಂಬ ಚರ್ಚೆ ಮುಗಿದಿಲ್ಲ. ಕಾಯಿಲೆ ಹತೋಟಿಗೆ ಬಂದ ಕೆಲವರಲ್ಲೂ ಲೋಳೆಯ ದೌರ್ಬಲ್ಯ ಉಳಿದಿರುವುದನ್ನು ನೋಡಿದರೆ, ಅದು ಬರೀ ಪರಿಣಾಮವಲ್ಲ ಎಂಬ ವಾದಕ್ಕೆ ಬಲ ಬರುತ್ತದೆ.

ಇನ್ನು ತಿನ್ನುವ ಪ್ರಶ್ನೆ. ಮಿಶಿಗನ್ ವಿಶ್ವವಿದ್ಯಾಲಯದ ಎರಿಕ್ ಮಾರ್ಟೆನ್ಸ್, ಲಕ್ಸೆಂಬರ್ಗಿನ ಮಹೇಶ್ ದೇಸಾಯಿ ಮತ್ತು ಸಂಗಡಿಗರು 2016ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳ ಹೊಟ್ಟೆಗೆ ಮನುಷ್ಯರ ಕರುಳಿನ 14 ಬಗೆಯ ಬ್ಯಾಕ್ಟೀರಿಯಾ ಸೇರಿಸಿದರು. ಆಹಾರದಲ್ಲಿ ನಾರು ಇದ್ದಷ್ಟು ದಿನ ಲೋಳೆ ದಪ್ಪವಾಗಿತ್ತು. ನಾರು ನಿಂತಾಗ ಲೋಳೆ ತಿನ್ನುವ ಬಗೆಗಳು ಹೆಚ್ಚಿದವು, ಪದರ ತೆಳುವಾಯಿತು. ಆಮೇಲೆ ಇಲಿಗಳ ರೋಗಾಣುವೊಂದನ್ನು ಒಳಗೆ ಬಿಟ್ಟಾಗ, ನಾರಿಲ್ಲದ ಇಲಿಗಳಿಗೇ ಕಾಯಿಲೆ ಜೋರಾಯಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಗಾದೆ. ಇಲ್ಲಿ ಹೊಲ ಬರಿದಾಗಿ ದನ ಬೇಲಿ ಮೇಯ್ದವು.

ಹಾಗೆ ಹೆಚ್ಚಿದವುಗಳಲ್ಲಿ ಒಂದು ಅಕ್ಕರ್ಮಾನ್ಸಿಯಾ ಮ್ಯೂಸಿನಿಫಿಲಾ, ಹೆಸರಿನ ಅರ್ಥವೇ ಮ್ಯೂಸಿನ್‌ಪ್ರಿಯ. ಬೇರೆ ಕಡೆ ಇದೇ ಜೀವಿ ‘ಒಳ್ಳೆಯದು’ ಎನಿಸಿಕೊಂಡು, ಅಮೆರಿಕದಲ್ಲಿ ಕ್ಯಾಪ್ಸೂಲಾಗಿ ಮಾರಾಟವಾಗುತ್ತದೆ. ಒಳ್ಳೆಯದು, ಕೆಟ್ಟದ್ದು ಎಂಬ ಹಣೆಪಟ್ಟಿ ಎಷ್ಟು ಪೊಳ್ಳು ಎನ್ನಲು ಬೇರೆ ಸಾಕ್ಷಿ ಬೇಕೆ?

ಲೋಳೆಗೆ ತೊಂದರೆ ಕೊಡುವುದು ನಾರಿನ ಕೊರತೆಯೊಂದೇ ಅಲ್ಲ. ಐಸ್‌ಕ್ರೀಮಿನ ಡಬ್ಬದ ಮೇಲೆ ಐಎನ್‌ಎಸ್ 466 ಎಂದಿದ್ದರೆ ಅದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. 2015ರ ಪ್ರಯೋಗದಲ್ಲಿ ಅದನ್ನು ಕುಡಿಸಿದ ಇಲಿಗಳಲ್ಲಿ ಬ್ಯಾಕ್ಟೀರಿಯಾಗಳು ಗೋಡೆಯ ಹತ್ತಿರಕ್ಕೆ ಸರಿದವು. ಮುಂದೆ ದಿನಕ್ಕೆ 15 ಗ್ರಾಂನಂತೆ 11 ದಿನ ಅದನ್ನು ತಿಂದ 7 ಆರೋಗ್ಯವಂತರಲ್ಲಿ ಇಬ್ಬರಿಗೆ ಮಾತ್ರ ಹಾಗಾಯಿತು. ಹೆದರಿ ಫ್ರಿಜ್ಜು ಖಾಲಿ ಮಾಡಬೇಕಿಲ್ಲ, ಆದರೆ ಎಲ್ಲರ ಕರುಳೂ ಒಂದೇ ಎನ್ನುವ ಸಲಹೆಯನ್ನು ನಂಬಬೇಕಾಗಿಯೂ ಇಲ್ಲ.

ಆರೋಗ್ಯವಾಗಿರುವವರಿಗೆ ಇದರಿಂದ ಸಿಗುವ ಪಾಠ ಸರಳ. ಹೊರಗಿನಿಂದ ನುಂಗಿದ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕರುಳಿನಲ್ಲಿ ನೆಲೆಯೂರುವುದಿಲ್ಲ. ಆಗಲೇ ನೆಲೆಸಿರುವವುಗಳಿಗೆ ಮೇವು ಒದಗಿಸುವುದು ಮೇಲು: ರಾಗಿ, ಹುರುಳಿ, ಸೊಪ್ಪು, ಸಿಪ್ಪೆ ಸಹಿತ ಕಾಳು. ಕೆಲಸಕ್ಕೆಂದು ಊರು ಬಿಟ್ಟು ಬ್ರೆಡ್ಡು, ನೂಡಲ್ಸುಗಳಲ್ಲಿ ವಾರ ಕಳೆಯುವವರು ಮನೆಯ ಸಾರು, ಪಲ್ಯಕ್ಕೆ ಮರಳಲು ಇಷ್ಟು ಕಾರಣ ಸಾಕು.

ರೋಗಿಗಳ ವಿಷಯ ಬೇರೆ. ಕೊಲೈಟಿಸ್ ಅಥವಾ ಕ್ರೋನ್ಸ್ ಇರುವವರ ಮುಂದೆ ಕೂತು ‘ಮೊಸರು ಉಣ್ಣು, ಮಾತ್ರೆ ಬಿಡು’ ಎನ್ನುವ ಚಿಕ್ಕಪ್ಪ, ದೊಡ್ಡಮ್ಮಂದಿರಿಗೆ ಬರವಿಲ್ಲ. ಉರಿಯೂತ ಜೋರಾಗಿರುವಾಗ, ಕರುಳು ಕಿರಿದಾಗಿರುವಾಗ ನಾರೇ ತೊಂದರೆ ಕೊಡಬಹುದು. ಔಷಧಿ ನಿಲ್ಲಿಸಿದರೆ ಹತೋಟಿಯಲ್ಲಿದ್ದ ಕಾಯಿಲೆ ಮತ್ತೆ ಕೆರಳಬಹುದು. ಈ ಕಾಯಿಲೆಯಲ್ಲಿ ವಂಶವಾಹಿಗಳ ಪಾಲಿದೆ, ರೋಗನಿರೋಧಕ ವ್ಯವಸ್ಥೆಯ ಪಾಲಿದೆ. ತಿಂದದ್ದರ ತಪ್ಪೊಂದನ್ನೇ ರೋಗಿಯ ತಲೆಗೆ ಕಟ್ಟುವುದು ಅನ್ಯಾಯ. ಏನು ಉಣ್ಣಬೇಕು ಎಂಬುದನ್ನು ಅವರು ತಮ್ಮ ವೈದ್ಯರೊಡನೆ ಕೂತು ತೀರ್ಮಾನಿಸಲಿ. ಬಂಧುಗಳು ಅವರ ಮಾತ್ರೆ ತಪ್ಪದಂತೆ ನೋಡಿಕೊಂಡರೆ ಅದೇ ದೊಡ್ಡ ಉಪಕಾರ.