ಅಜ್ಜನ ಗುರುತು ಕೇಳುವವರಿಗೆ

ಅಂಬ್ಲಿಗೊಳದ ಕಡೆ ಕಾಡಂಚಿನ ನೆಲ ಉಳುತ್ತ ಬಂದ ನಾವು ಹಕ್ಕುಪತ್ರ ಕೇಳಿದರೆ, ಮೂರು ತಲೆಮಾರಿನ ದಾಖಲೆ ತನ್ನಿ ಅಂತಾರೆ. ಎಲ್ಲಿಂದ ತರೋದು ಸ್ವಾಮಿ? ಶ್ಯಾನುಭೋಗರ ಕಡತದಲ್ಲಿ ಇದ್ದದ್ದು ಹೊಲದ ಒಡೆಯನ ಹೆಸರು, ಗೇಯ್ದವನದಲ್ಲ. ಶಿಕಾರಿಪುರ ಸೀಮೆಯ ಶಾಸನಗಳನ್ನು ರೈಸ್ ಸಾಹೇಬರು 1902ರಲ್ಲೇ ಅಚ್ಚು ಹಾಕಿಸಿದರು. ದತ್ತಿ ಕೊಟ್ಟವರ, ಪಡೆದವರ ವಂಶ ಕಲ್ಲಲ್ಲಿ ಭದ್ರವಾಗಿದೆ. ಫೋಟೊ ಬೇಕಂತೆ! 1909ರಲ್ಲಿ ಥರ್ಸ್ಟನ್ ತಂದ ಏಳು ಸಂಪುಟಗಳಲ್ಲಿ ನಮ್ಮಂಥವರ ಫೋಟೊ ಇವೆ. ಚಿತ್ರದ ಕೆಳಗೆ ಜಾತಿಯ ಹೆಸರು, ಪುಟದಲ್ಲಿ ಮೂಗಿನ ಅಳತೆ. ಅದರಲ್ಲಿ ನಮ್ಮಜ್ಜನನ್ನು ಮೂಗು ನೋಡಿ ಹುಡುಕೋಣವೆ?

2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದವರಿಂದ 75 ವರ್ಷದ ವಾಸಕ್ಕೆ ಸಾಕ್ಷಿ ಕೇಳುತ್ತದೆ, ನಿಜ. ಆದರೆ ಅದರ 2008ರ ನಿಯಮಗಳಲ್ಲಿ 13ನೆಯದನ್ನು ಕಚೇರಿಯವರು ಓದಿದ್ದಾರೆಯೆ? ಹಿರಿಯರ ಮಾತು ಬರಹಕ್ಕಿಳಿದರೆ ಸಾಕ್ಷಿ. ಬಾವಿ ಸಾಕ್ಷಿ. ಹೆಣ ಹೂಳಿದ ಜಾಗ ಸಾಕ್ಷಿ. ಇಂಥ ಎರಡು ಸಾಕು. ಇದೇ ಕಾಗದ ಬೇಕೆಂದು ಹಠ ಹಿಡಿಯುವಂತಿಲ್ಲ ಅಂತ 2012ರ ತಿದ್ದುಪಡಿ ಬೇರೆ ಹೇಳಿದೆ. ಅರ್ಜಿ ತಿರಸ್ಕರಿಸುವ ಕೈಗೆ ಇದು ಕಾಣೋದಿಲ್ಲ.

ಮೇಷ್ಟ್ರೇ, ನಿಮ್ಮ ಶಾಲೆಯ ಹಳೇ ದಾಖಲಾತಿ ಪುಸ್ತಕ ತೆಗೆಯಿರಿ. ಹುಡುಗರೇ, ನೋಟ್‌ಬುಕ್ ಹಿಡಿದು ಕೇರಿಗೆ ಬನ್ನಿ. ಎಂಬತ್ತು ದಾಟಿದ ಅಜ್ಜಿಯರ ಹೇಳಿಕೆ ಮೊದಲು ಬರೆದುಕೊಳ್ಳಿ, ಈ ಮಳೆಗಾಲಕ್ಕೆ ಮುಂಚೆ.