ನೆರೆಯವನೆಂದರೆ ಯಾರು?

ಧರ್ಮಶಾಸ್ತ್ರವನ್ನು ಬಲ್ಲವನೊಬ್ಬನು ಯೇಸುಸ್ವಾಮಿಯನ್ನು ಮಾತಿನಲ್ಲಿ ಕಟ್ಟಿಹಾಕಬೇಕೆಂಬ ಹವಣಿನಿಂದ, ನೆರೆಯವನೆಂದು ಯಾರನ್ನು ತಿಳಿಯಬೇಕೆಂದು ಕೇಳಿದನಂತೆ. ಸ್ವಾಮಿಯು ಅದಕ್ಕೆ ಲಕ್ಷಣವನ್ನು ಹೇಳದೆ ಒಂದು ಕಥೆಯನ್ನು ಹೇಳಿದನು. ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ದಾರಿಯಲ್ಲಿ ಬಿದ್ದಿದ್ದ ಒಬ್ಬನನ್ನು ಅವನ ಜನದ ಪುರೋಹಿತನೇ ಕಂಡೂ ಕಾಣದವನಂತೆ ದಾಟಿಹೋದನು; ದೇವಾಲಯದ ಸೇವಕನೊಬ್ಬನು ಹಾಗೆಯೇ ದಾಟಿದನು; ಅವರು ಯಾರೊಡನೆ ಬಳಕೆಯನ್ನೇ ಇಟ್ಟುಕೊಳ್ಳುತ್ತಿರಲಿಲ್ಲವೋ ಆ ಸಮಾರ್ಯದವನೊಬ್ಬನು ನಿಂತನು. ಅವನು ಗಾಯಕ್ಕೆ ಎಣ್ಣೆಯೆರೆದು, ತನ್ನ ವಾಹನದ ಮೇಲೆ ಕೂರಿಸಿ, ಛತ್ರಕ್ಕೆ ಒಯ್ದು, ಮುಂದಿನ ಆರೈಕೆಗೆ ಹಣವನ್ನೂ ಕೊಟ್ಟುಹೋದನು. ನೆರೆಯವನು ಯಾರೆಂಬ ಪ್ರಶ್ನೆಯು ಅಲ್ಲಿಗೇ ತಿರುವುಮುರುವಾಯಿತು. ಯಾರು ನನ್ನ ನೆರೆಯವರೆಂದು ಕೇಳುತ್ತ ಕೂರುವುದಲ್ಲ, ನಾನು ಯಾರಿಗೆ ನೆರೆಯವನಾದೆನೆಂದು ಕೇಳಿಕೊಳ್ಳಬೇಕು ಎಂಬುದೇ ಆ ಕಥೆಯ ತಾತ್ಪರ್ಯವು.

ಈ ಪ್ರಶ್ನೆಯನ್ನು ನಾವು ಗೌಡಗೆರೆಯಲ್ಲಿ ನಿಂತು ಕೇಳಬೇಕೆಂದಿದ್ದೇವೆ. ಶಿರಾ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದಾದ ಇದು ಮುಗಿಲನ್ನು ನೋಡಿ ಬೀಜ ಬಿತ್ತುವ ಸೀಮೆ. ರಾಗಿ, ಕಡಲೆಕಾಯಿ, ಹುಣಿಸೆ, ಕುರಿ, ಇವೇ ಇಲ್ಲಿಯ ಭಾಗ್ಯ. ಮಳೆ ಕೈಕೊಟ್ಟ ವರ್ಷ ಕೊಳವೆಬಾವಿಗಳು ಬತ್ತುವುವು. ಶಿರಾ, ಪಾವಗಡ ಸೀಮೆಗಳಲ್ಲಿ ಆಳದಿಂದೆತ್ತಿದ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡು ಬೆರೆತು ಹಲ್ಲು ಮೂಳೆಗಳನ್ನು ಕೆಡಿಸುವುದು. ದುಡಿಯಬಲ್ಲ ಮಕ್ಕಳು ಬೆಂಗಳೂರಿನ ದಾರಿ ಹಿಡಿಯುವರು. ಊರಿನಲ್ಲಿ ಮುದುಕರೂ ಬೀಗ ಹಾಕಿದ ಮನೆಗಳೂ ಉಳಿಯುವುವು.

ಸರ್ಕಾರವು ಏನನ್ನೂ ಮಾಡಿಲ್ಲವೆಂದು ನಾವು ಹೇಳೆವು. ಪಡಿತರದ ಅಕ್ಕಿ ಬರುತ್ತಿದೆ, ವೃದ್ಧರಿಗೂ ವಿಧವೆಯರಿಗೂ ಮಾಸಾಶನವುಂಟು, ಆಸ್ಪತ್ರೆಯೂ ಉಂಟು. ಆದರೆ ಕಣ್ಣು ಮಂಜಾದ ಅಜ್ಜಿಯ ಕೈಹಿಡಿದು ಬಸ್ಸು ಹತ್ತಿಸಿ ತುಮಕೂರಿನ ಆಸ್ಪತ್ರೆಗೆ ಕರೆದೊಯ್ಯುವ ಇಲಾಖೆ ಯಾವುದು? ಮಣ್ಣಿನಲ್ಲಿ ದುಡಿದು ಸವೆದ ಬೆರಳಿನ ಗುರುತನ್ನು ಯಂತ್ರವು ಒಪ್ಪದೆ ಪಡಿತರ ತಪ್ಪಿದಾಗ ಅವನ ಪರವಾಗಿ ತಾಲ್ಲೂಕು ಕಚೇರಿಗೆ ಅಲೆಯುವ ಗುಮಾಸ್ತನು ಯಾರು? ಕಾಯಿದೆಗೆ ಕೈಗಳುಂಟು, ಕಾಲಿಲ್ಲ. ಮನೆಯ ಬಾಗಿಲವರೆಗೆ ನಡೆದುಹೋಗುವ ಕಾಲು ನೆರೆಯವನದೇ ಆಗಬೇಕು.

ಇಂಥ ಕಾಲ್ನಡಿಗೆಯ ಸೇವೆಯನ್ನು ವ್ರತವನ್ನಾಗಿ ಮಾಡಿಕೊಂಡ ಸಣ್ಣ ಸಂಘಗಳು ನಮ್ಮ ಕ್ರೈಸ್ತಬಾಂಧವರಲ್ಲಿ ಇರುವುವು. 1833ರ ಏಪ್ರಿಲಿನಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡರಿಕ್ ಓಜಾನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿಯು ಕೆಲವು ಗೆಳೆಯರೊಡನೆ ಕಟ್ಟಿದ ಸಂತ ವಿನ್ಸೆಂಟ್ ದೆ ಪಾಲರ ಸಭೆಯು ಅಂಥದು. ಹಿಂದಿನ ವರ್ಷವಷ್ಟೇ ಆ ಊರಿನಲ್ಲಿ ಕಾಲರಾ ಮಾರಿ ಸುಳಿದಾಡಿತ್ತು. ನಿಮ್ಮ ಧರ್ಮವು ಬಡವರಿಗೆ ಈಗೇನು ಮಾಡುತ್ತಿದೆಯೆಂದು ಜೊತೆಯವರು ಹಂಗಿಸಿದಾಗ, ಆ ಹುಡುಗರು ವಾದವನ್ನು ಬಿಟ್ಟು ಸೌದೆಯ ಹೊರೆಯನ್ನು ಹೊತ್ತು ಬಡವರ ಮನೆಗೆ ನಡೆದರು. ಬೆಂಗಳೂರು, ಮಂಗಳೂರುಗಳ ಚರ್ಚುಗಳಲ್ಲಿ ಆ ಸಭೆಯ ಶಾಖೆಗಳು ಇಂದಿಗೂ ಇರುವುವು. ಇವರ ಕ್ರಮವು ಬಲು ಸರಳವಾದುದು. ಒಂದು ಚರ್ಚಿನ ಕೆಲವೇ ಮಂದಿ ಕಲೆತು ಸಭೆ ಸೇರುವರು. ಇಬ್ಬಿಬ್ಬರಾಗಿ ಕಷ್ಟದಲ್ಲಿರುವವರ ಮನೆಗೆ ಹೋಗುವರು. ಕಂಡುದನ್ನು ಬಂದು ಹೇಳುವರು. ಸಭೆಯಲ್ಲಿ ಒಂದು ಚೀಲವನ್ನು ಕೈಯಿಂದ ಕೈಗೆ ಕಳುಹಿಸುವ ರೂಢಿಯುಂಟು. ಯಾರು ಎಷ್ಟು ಹಾಕಿದರೆಂಬುದು ಯಾರಿಗೂ ತಿಳಿಯದು. ಬಲಗೈ ಕೊಟ್ಟುದನ್ನು ಎಡಗೈ ಅರಿಯಬಾರದೆಂದು ನಮ್ಮ ಹಿರಿಯರೂ ಹೇಳುತ್ತಿದ್ದರಲ್ಲವೆ? ನೆರವು ಪಡೆಯುವವನ ಮತವನ್ನು ಲೆಕ್ಕಿಸತಕ್ಕದ್ದಲ್ಲವೆಂಬುದೂ ಆ ಸಭೆಯ ನಿಯಮವಾಗಿದೆ.

ಇಷ್ಟನ್ನು ಓದುವಷ್ಟರಲ್ಲಿಯೇ ವಾಚಕರಲ್ಲಿ ಕೆಲವರ ಹುಬ್ಬು ಗಂಟಿಕ್ಕಿರಬಹುದು. ಕ್ರೈಸ್ತರ ದಾನದ ಹಿಂದೆ ಗಾಳವಿರುವುದೆಂಬ ಸಂದೇಹವು ನಮ್ಮ ಜನದಲ್ಲಿ ಹಳೆಯದು. ಅದನ್ನು ಬಚ್ಚಿಡುವುದರಿಂದ ಪ್ರಯೋಜನವಿಲ್ಲ, ಎದುರಿಗಿಟ್ಟುಕೊಂಡೇ ವಿಚಾರಿಸೋಣ.

ನಮ್ಮ ಸೀಮೆಯವರು ಇಂದಿಗೂ ಧಾತು ಈಶ್ವರದ ಬರವೆಂದರೆ ನಡುಗುವರು. 1876ರಿಂದ 1878ರ ವರೆಗಿನ ಆ ಕ್ಷಾಮಕ್ಕೆ ಮುಂಚೆ, 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412 ಆಗಿತ್ತು. 1881ರಲ್ಲಿ ಎಣಿಸಿದಾಗ 41,86,188 ಮಾತ್ರ ಉಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ತಂದೆತಾಯಿಗಳು ದಾರಿಯಲ್ಲಿ ಸತ್ತುಬಿದ್ದಾಗ ಉಳಿದ ಮಕ್ಕಳನ್ನು ಎತ್ತಿಕೊಂಡವರಲ್ಲಿ ವೆಸ್ಲಿಯನ್ ಮಿಷನ್ನಿನವರೂ ಒಬ್ಬರು. ತುಮಕೂರಿನಲ್ಲಿ ಗಂಡುಮಕ್ಕಳಿಗೂ ಹಾಸನದಲ್ಲಿ ಹೆಣ್ಣುಮಕ್ಕಳಿಗೂ ಅವರು ಅನಾಥಾಲಯಗಳನ್ನು ನಡೆಸಿದರು. ಅಲ್ಲಿ ಬೆಳೆದ ಮಕ್ಕಳು ಮಿಷನ್ನಿನವರ ಮತದಲ್ಲಿಯೇ ಬೆಳೆದರೆಂಬುದು ಸತ್ಯ. ಇದರಿಂದ ಮನಸ್ಸು ನೊಂದವರಿಗೆ ನಾವು ಒಂದು ಪ್ರಶ್ನೆಯನ್ನು ಕೇಳುವೆವು: ಆ ಮಗುವು ಮಿಷನ್ನಿನ ಬಾಗಿಲನ್ನು ಮುಟ್ಟುವ ಮೊದಲು ಎಷ್ಟು ಬಾಗಿಲುಗಳನ್ನು ದಾಟಿಬಂದಿತ್ತು? ಆ ಬಾಗಿಲುಗಳೆಲ್ಲ ಯಾರವು? ಎಷ್ಟೋ ಮನೆಗಳಲ್ಲಿ ತಮಗೇ ಗಂಜಿ ಇರಲಿಲ್ಲ, ಅವರನ್ನು ದೂರುವಂತಿಲ್ಲ. ಆದರೆ ಕಣಜದಲ್ಲಿ ಧಾನ್ಯವಿದ್ದು ಜಾತಿ ಕೇಳಿ ಕದವಿಕ್ಕಿದ ಮನೆಗಳೂ ಇದ್ದಿರಲಾರವೆಂದು ಎದೆಮುಟ್ಟಿ ಹೇಳಬಲ್ಲವರಾರು? ದಾಟಿಹೋದ ಪುರೋಹಿತನು ನಿಂತ ಸಮಾರ್ಯದವನನ್ನು ಆಕ್ಷೇಪಿಸುವ ಅಧಿಕಾರವನ್ನು ಕಳೆದುಕೊಂಡಿರುತ್ತಾನೆ.

ಇದರಿಂದ ದಾನಮಾಡಿದವನು ಏನು ಮಾಡಿದರೂ ಸರಿಯೆಂದು ಸಿದ್ಧಾಂತವಾಗಲಿಲ್ಲ. ಹಸಿದವನ ಒಪ್ಪಿಗೆಯು ಒಪ್ಪಿಗೆಯಲ್ಲ. ಅನ್ನದ ತಟ್ಟೆಯನ್ನು ಮುಂದಿಟ್ಟು ಅವನ ದೇವರನ್ನು ಕೇಳುವವನು ದಾನಿಯಲ್ಲ, ವ್ಯಾಪಾರಿ. ಆ ವ್ಯಾಪಾರವನ್ನು ಯಾವ ಮತದವನು ಮಾಡಿದರೂ ಹೀನವೇ ಸರಿ. ಆದರೆ ಸಂದೇಹಕ್ಕೂ ಒಂದು ಮೇರೆಯಿರಬೇಕು. 2022ರಲ್ಲಿ ನಮ್ಮ ರಾಜ್ಯದಲ್ಲಿ ಆದ ಮತಾಂತರದ ಕಾಯಿದೆಯು ಆಮಿಷವೆಂಬ ಮಾತಿನೊಳಗೆ ಉಡುಗೊರೆ, ಹಣ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಇವುಗಳನ್ನೂ ಸೇರಿಸಿತು. 2023ರಲ್ಲಿ ಅದನ್ನು ತೆಗೆದುಹಾಕಬೇಕೆಂದು ಮಂತ್ರಿಮಂಡಲವು ನಿರ್ಣಯಿಸಿತು. ಕಾಯಿದೆಯ ವಿಷಯದಲ್ಲಿ ಯಾರ ಅಭಿಪ್ರಾಯವು ಏನೇ ಇರಲಿ, ನೆರೆಮನೆಯ ರೋಗಿಗೆ ಗಂಜಿ ಒಯ್ಯುವವನು ದಾರಿಯಲ್ಲಿ ಹಿಂದುಮುಂದು ನೋಡುವಂತಾದರೆ, ನಷ್ಟವಾಗುವುದು ಗಂಜಿ ಒಯ್ಯುವವನಿಗಲ್ಲ, ರೋಗಿಗೆ.

ಹಾಗಾದರೆ ನಿಜವಾದ ಸೇವೆಯನ್ನು ಗುರುತಿಸುವುದು ಹೇಗೆ? ನಮಗೆ ತೋರುವ ಪರೀಕ್ಷೆಗಳು ಮೂರು. ಮೊದಲನೆಯದು, ನೆರವು ಪಡೆದವನು ಮರುದಿನವೂ ತನ್ನ ಗುಡಿಗೋ ಮಸೀದಿಗೋ ನಿಶ್ಚಿಂತೆಯಾಗಿ ಹೋಗಬಲ್ಲನೆ? ಎರಡನೆಯದು, ಬಂದ ಹಣ ಹೋದ ಹಣಗಳ ಲೆಕ್ಕವನ್ನು ಊರಿನವರು ಕೇಳಿದರೆ ತೋರಿಸುವರೆ? ಮೂರನೆಯದು, ಪಡೆದವನು ಎಂದಾದರೊಂದು ದಿನ ಪಡೆಯುವುದನ್ನು ಬಿಟ್ಟು ತಾನೇ ಕೊಡುವವನಾಗುವಂತೆ ಆ ಸೇವೆಯು ಅವನನ್ನು ನಿಲ್ಲಿಸುವುದೆ? ಈ ಪರೀಕ್ಷೆಗಳು ಕ್ರೈಸ್ತರ ಸಂಘಕ್ಕೆ ಮಾತ್ರವಲ್ಲ. ಮಠಕ್ಕೂ, ಟ್ರಸ್ಟಿಗೂ, ಚುನಾವಣೆಯ ಕಾಲಕ್ಕೆ ಸೀರೆ ಹಂಚುವ ಮಹನೀಯರಿಗೂ ಸಮಾನವಾಗಿ ಅನ್ವಯಿಸತಕ್ಕವು.

ಸಣ್ಣ ಸಂಘವು ಏನು ಮಾಡೀತೆಂದು ಮೂಗು ಮುರಿಯುವವರು ಮಂಗಳೂರಿನ ಕಂಕನಾಡಿಯ ಕಡೆಗೊಮ್ಮೆ ನೋಡಬೇಕು. ಜರ್ಮನಿಯಿಂದ ಬಂದ ಅಗಸ್ಟಸ್ ಮುಲ್ಲರ್ ಪಾದ್ರಿಗಳು 1880ರಲ್ಲಿ ಅಲ್ಲಿ ಆಲದ ಮರದ ನೆರಳಿನಲ್ಲಿ ಬಡವರಿಗೆ ಹೋಮಿಯೋಪತಿಯ ಔಷಧವನ್ನು ಕೊಡಲಾರಂಭಿಸಿದರು. ಊರೇ ಹೊರಗಿಟ್ಟಿದ್ದ ಕುಷ್ಠರೋಗಿಗಳಿಗೆ 1890ರಲ್ಲಿ ಆಶ್ರಯವನ್ನು ಕಟ್ಟಿದರು. 1910ರಲ್ಲಿ ಅವರು ತೀರಿಕೊಂಡರು. ಅವರು ನೆಟ್ಟುದು ಇಂದು ವೈದ್ಯವಿದ್ಯಾಲಯವನ್ನೊಳಗೊಂಡ ದೊಡ್ಡ ಆಸ್ಪತ್ರೆಯಾಗಿ ನಿಂತಿದೆ. ಮೊದಲ ದಿನ ಅಲ್ಲಿ ಇದ್ದುದು ಒಂದು ಮರ, ಒಂದು ಔಷಧದ ಪೆಟ್ಟಿಗೆ, ಒಬ್ಬ ಮನುಷ್ಯ.

ಹಣದ ಮಾತಿಗೆ ಬರೋಣ. ಮಿಷನ್ನುಗಳ ಕಾಲದಲ್ಲಿ ಹಣವು ಬಹುಮಟ್ಟಿಗೆ ಕಡಲಾಚೆಯಿಂದ ಬರುತ್ತಿತ್ತು. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆಯು ರೂಪುಗೊಂಡು ಆ ಹಳೆಯ ವೆಸ್ಲಿಯನ್ ಸಭೆಗಳೆಲ್ಲ ಅದರಲ್ಲಿ ಲೀನವಾದಂದಿನಿಂದ ಆಡಳಿತವು ನಮ್ಮವರ ಕೈಗೇ ಬಂದಿತು. ಇನ್ನು 2020ರ ತಿದ್ದುಪಡಿಯಾದ ಮೇಲೆ, ಒಂದು ಸಂಸ್ಥೆಯು ತಾನು ಪಡೆದ ವಿದೇಶದ ಹಣವನ್ನು ಮತ್ತೊಂದಕ್ಕೆ ಹಂಚುವಂತಿಲ್ಲ. ಆಡಳಿತದ ವೆಚ್ಚವು ನೂರಕ್ಕೆ ಇಪ್ಪತ್ತನ್ನು ಮೀರುವಂತಿಲ್ಲ. ಹಣವು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯ ಮೂಲಕ ಬರಬೇಕು. ದೊಡ್ಡ ಸಂಸ್ಥೆಯ ಕೈಯಿಂದ ಪಾಲು ಪಡೆದು ಬಾಳುತ್ತಿದ್ದ ಹಳ್ಳಿಯ ಸಣ್ಣ ಸಂಘಗಳಿಗೆ ಇದು ಕಠಿಣವಾದ ಪೆಟ್ಟು. ಆದರೆ ಈ ಕಹಿಯಲ್ಲಿ ಔಷಧವೂ ಇದೆಯೆಂದು ನಮಗೆ ತೋರುತ್ತದೆ. ನೆರೆಯವನ ಕಷ್ಟಕ್ಕೆ ನೆರೆಯವನೇ ಕೊಡುವುದಾದರೆ ಗಾಳದ ಮಾತಿಗೆ ಎಡೆಯೆಲ್ಲಿ?

ಮಿಜೋರಾಮಿನ ಬೆಟ್ಟಗಳಲ್ಲಿ ಕ್ರೈಸ್ತ ಹೆಂಗಸರು 1910ರಿಂದಲೂ ಒಂದು ಪದ್ಧತಿಯನ್ನು ನಡೆಸಿಬಂದಿದ್ದಾರೆ. ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕುವರು. ಅದನ್ನು ಕೂಡಿಸಿ ಸಭೆಗೆ ಕೊಡುವರು. ಬಡವರ ಒಲೆಯ ಬಳಿ ಹುಟ್ಟಿದ ಆ ಹಿಡಿಯು ಇಂದು ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿಯಾಗಿದೆ. ಹನಿಗೂಡಿ ಹಳ್ಳ, ತೆನೆಗೂಡಿ ರಾಶಿ. ಗೌಡಗೆರೆಯಲ್ಲಿ ಅಕ್ಕಿಯ ಬದಲು ರಾಗಿಯಿರಲಿ. ಮನೆಗೊಂದು ಗಡಿಗೆ, ಅಡಿಗೆಗೊಂದು ಹಿಡಿ, ವಾರಕ್ಕೊಮ್ಮೆ ಕೂಡಿಸುವ ಇಬ್ಬರು ನಂಬಿಕಸ್ಥರು, ಲೆಕ್ಕ ಬರೆಯುವ ಒಂದು ಪುಸ್ತಕ: ಇಷ್ಟಕ್ಕೆ ಯಾವ ಇಲಾಖೆಯ ಅಪ್ಪಣೆಯೂ ಬೇಡ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ನಮ್ಮ ಸೀಮೆಯಲ್ಲಿ ಇನ್ನೂ ವಿರಳ. ಆದಕಾರಣ ಅವರಲ್ಲಿ ನಮ್ಮ ವಿಜ್ಞಾಪನೆಯಿದು: ನೀವು ಕೆಲವರೇ ಇದ್ದೀರೆಂದು ಹಿಂಜರಿಯದಿರಿ, ಹಾಗೆಯೇ ನಿಮ್ಮವರಿಗೆ ಮಾತ್ರವೆಂದು ಬೇಲಿಯನ್ನೂ ಹಾಕದಿರಿ. ಲೆಕ್ಕದ ಪುಸ್ತಕವನ್ನು ಊರಿನ ಮುಂದೆ ತೆರೆದಿಡಿರಿ. ಕೂಡಿಸುವ ಇಬ್ಬರಲ್ಲಿ ಒಬ್ಬರು ಬೇರೆ ಮತದವರಾಗಿರಲಿ. ಮಿಕ್ಕ ನಮ್ಮ ದೇಶಬಾಂಧವರಲ್ಲಿ ವಿಜ್ಞಾಪನೆಯಿದು: ದಾಸೋಹವು ನಮಗೆ ಹೊಸ ಮಾತಲ್ಲ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನವೂ ಅಕ್ಷರವೂ ದೊರೆಯುತ್ತಿವೆ. ಪಾವಗಡದಲ್ಲಿ ಶ್ರೀ ರಾಮಕೃಷ್ಣ ಸೇವಾಶ್ರಮದವರು ಕ್ಷಯರೋಗಿಗಳಿಗೂ ಕುಷ್ಠರೋಗಿಗಳಿಗೂ ಆಸರೆಯಾಗಿದ್ದಾರೆ. ಆದರೆ ದೊಡ್ಡ ಮಠವಿದೆಯೆಂಬ ನೆಪದಿಂದ ನಮ್ಮ ಬೀದಿಯ ಮುದುಕಿಯನ್ನು ಮರೆಯುವುದು ಸಲ್ಲದು. ಚರ್ಚಿನವರ ಗಡಿಗೆಯನ್ನು ಸಂದೇಹದಿಂದ ನೋಡುವವನು ಮೊದಲು ತನ್ನ ಮನೆಯಲ್ಲೊಂದು ಗಡಿಗೆಯನ್ನಿಡಲಿ. ಹೀಗೆ ಸ್ಪರ್ಧೆಯುಂಟಾದರೆ ಅದರಿಂದ ಬಡವರಿಗೆ ಲಾಭವೇ ಹೊರತು ನಷ್ಟವಿಲ್ಲ.

ನಾಡೆಂದರೆ ಗಡಿಕಲ್ಲುಗಳ ನಡುವಿನ ನೆಲವಷ್ಟೇ ಅಲ್ಲ. ಒಬ್ಬನ ಒಲೆ ಆರಿದುದನ್ನು ಮತ್ತೊಬ್ಬನು ಅರಿಯುವಷ್ಟು ಹತ್ತಿರವಿರುವ ಜನವೇ ನಾಡು. ಈ ರಾತ್ರಿ ಗೌಡಗೆರೆಯಲ್ಲಿ ಯಾರ ಮನೆಯ ಒಲೆ ಹೊತ್ತಲಿಲ್ಲವೆಂಬುದನ್ನು ನಾಳೆ ಬೆಳಗಾಗುವುದರೊಳಗೆ ಯಾರಾದರೊಬ್ಬರು ಹೋಗಿ ವಿಚಾರಿಸಲಿ. ವಿಚಾರಿಸಿದವನೇ ನೆರೆಯವನು.