ಹತ್ತು ಆಯ್ಕೆಗಳ ಅರ್ಜಿ ತುಂಬುವವರು ಯಾರು?

ಎಸ್ಸೆಸ್ಸಿ ಫಲಿತಾಂಶ ಹೊರಬಿದ್ದ ವಾರ ಮಹಾನಗರದ ತುಳು-ಕನ್ನಡಿಗರ ಮನೆಗಳಲ್ಲಿ ಒಂದು ದೃಶ್ಯ ಸಾಮಾನ್ಯ. ಕಂಪ್ಯೂಟರಿನ ಮುಂದೆ ಅಪ್ಪ, ಪಕ್ಕದಲ್ಲಿ ಮಾವ, ಫೋನಿನಲ್ಲಿ ಊರಿನ ದೊಡ್ಡಪ್ಪ. ಹನ್ನೊಂದನೇ ತರಗತಿಯ ಪ್ರವೇಶಕ್ಕೆ ಯಾವ ಕಾಲೇಜು, ಯಾವ ವಿಭಾಗ ಎಂಬ ಚರ್ಚೆ ಬಿಸಿ ಏರುತ್ತಿರುತ್ತದೆ. ಕಾಲೇಜಿಗೆ ಹೋಗಬೇಕಾದ ಹುಡುಗ ಅಥವಾ ಹುಡುಗಿ ಮಾತ್ರ ಬಾಗಿಲ ಬಳಿ ನಿಂತು ಕೇಳುತ್ತಿರುವುದೇ ಹೆಚ್ಚು. ಕೇಳಿದರೆ ಬರುವ ಉತ್ತರವೂ ಒಂದೇ: 'ನೀವು ಹೇಳಿದ ಹಾಗೆ.'

ಮುಂಬಯಿ ಮಹಾನಗರ ವಲಯದಲ್ಲಿ ಬಹುಕಾಲದಿಂದ ಇದ್ದ ಆನ್‌ಲೈನ್ ಪ್ರವೇಶ ಪದ್ಧತಿಯನ್ನು ಮಹಾರಾಷ್ಟ್ರ ಸರಕಾರ 2025ರಲ್ಲಿ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಆ ವರ್ಷದ ನಿಯಮದಂತೆ ವಿದ್ಯಾರ್ಥಿ ಗರಿಷ್ಠ 10 ಕಾಲೇಜುಗಳನ್ನು ಕ್ರಮವಾಗಿ ಸೂಚಿಸಬಹುದಿತ್ತು. ಮೊದಲ ಆಯ್ಕೆಯ ಕಾಲೇಜೇ ಸಿಕ್ಕಿದರೆ ಅಲ್ಲಿ ಸೇರುವುದು ಕಡ್ಡಾಯ. ಸೇರದಿದ್ದರೆ ನಂತರದ ಸಾಮಾನ್ಯ ಸುತ್ತುಗಳ ಬಾಗಿಲು ಮುಚ್ಚುತ್ತಿತ್ತು. ಅಂದರೆ ಹದಿನೈದು-ಹದಿನಾರರ ವಯಸ್ಸಿನ ಮಗುವಿನ ಮುಂದೆ ಇರುವುದು ಕೇವಲ ಅರ್ಜಿಯಲ್ಲ, ಒಂದು ನಿಜವಾದ ನಿರ್ಧಾರ. ತನ್ನ ಅಂಕ, ತನ್ನ ಒಲವು, ಕಾಲೇಜಿನ ಶುಲ್ಕ, ಲೋಕಲ್ ರೈಲಿನ ಪ್ರಯಾಣ ಇವೆಲ್ಲವನ್ನೂ ತೂಗಿ ನೋಡಬೇಕು. ಹತ್ತು ವರ್ಷ ಶಾಲೆಯಲ್ಲಿ ಕಲಿತ ಮಗುವಿಗೆ ಈ ತೂಗುವಿಕೆಯನ್ನು ಯಾರಾದರೂ ಕಲಿಸಿದ್ದಾರೆಯೇ ಎಂಬುದು ಇಲ್ಲಿನ ಪ್ರಶ್ನೆ.

ಯೋಜನೆಗಳು ಬಂದವು, ಹೋದವು

ಈ ವಿಚಾರ ಸರಕಾರಗಳಿಗೆ ಹೊಳೆದೇ ಇಲ್ಲವೆಂದು ಹೇಳುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ 10 ಜೀವನ ಕೌಶಲಗಳನ್ನು ಗುರುತಿಸಿತ್ತು. ನಿರ್ಧಾರ ಕೈಗೊಳ್ಳುವುದು ಮತ್ತು ಸಮಸ್ಯೆ ಬಿಡಿಸುವುದು ಅವುಗಳಲ್ಲಿ ಸೇರಿವೆ. 2009ರಲ್ಲಿ ಸಿಬಿಎಸ್‌ಇ ಮಂಡಳಿ ನಿರಂತರ ಮತ್ತು ಸಮಗ್ರ ಮೌಲ್ಯಮಾಪನವನ್ನು ತಂದಾಗ ಈ ಕೌಶಲಗಳಿಗೂ ಶ್ರೇಣಿ ನೀಡುವ ವ್ಯವಸ್ಥೆಯಾಯಿತು. ಆದರೆ ಐವತ್ತು-ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರ ಆಲೋಚನಾ ಶಕ್ತಿಗೆ ಶ್ರೇಣಿ ಕೊಡುವ ಕೆಲಸ ಕಾಲಂ ತುಂಬುವ ಕೆಲಸವಾಗುವುದು ಸಹಜವೇ. 2017ರ ವೇಳೆಗೆ ಆ ಪದ್ಧತಿಯೇ ತೆರೆಗೆ ಸರಿಯಿತು.

ಅದೇ ಮಂಡಳಿ 2012-13ರಲ್ಲಿ ಒಂಬತ್ತು ಮತ್ತು ಹನ್ನೊಂದನೇ ತರಗತಿಗಳಿಗೆ 'ಸಮಸ್ಯೆ ಬಿಡಿಸುವ ಸಾಮರ್ಥ್ಯದ ಪರೀಕ್ಷೆ'ಯನ್ನೇ ನಡೆಸಿತು. ಉದ್ದೇಶ ಒಳ್ಳೆಯದೇ. ಆದರೆ ಅದನ್ನು ಕಲಿಸುವ ಪಾಠವಿರಲಿಲ್ಲ, ಪರೀಕ್ಷೆ ಮಾತ್ರ ಇತ್ತು. ಸಹಜವಾಗಿಯೇ ಅದಕ್ಕೂ ಗೈಡುಗಳು ಅಂಗಡಿಗೆ ಬಂದವು. ಎರಡೇ ವರ್ಷಗಳಲ್ಲಿ ಅದನ್ನು ಕೈಬಿಡಲಾಯಿತು. 2014ರಲ್ಲಿ ಆರಂಭವಾದ ತೆರೆದ ಪಠ್ಯದ ಪರೀಕ್ಷೆಯೂ 2017ರಲ್ಲಿ ನಿಂತಿತು. ಈಗ 2026-27ರಿಂದ ಒಂಬತ್ತನೇ ತರಗತಿಗೆ ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆಗೆ 2025ರಲ್ಲಿ ಮತ್ತೆ ಒಪ್ಪಿಗೆ ದೊರೆತಿದೆ. ಹಳೆಯ ಪ್ರಯೋಗ ಏಕೆ ಸೋತಿತು ಎಂಬುದನ್ನು ಮೊದಲು ತಿಳಿಯದಿದ್ದರೆ ಹೊಸದರ ಗತಿಯೂ ಅದೇ ಆದೀತು.

ನಮ್ಮ ರಾಜ್ಯದ ಅನುಭವ ಇನ್ನಷ್ಟು ಪಾಠ ಹೇಳುತ್ತದೆ. 2018ರಲ್ಲಿ ಶೇ. 89.41ರಷ್ಟಿದ್ದ ಎಸ್ಸೆಸ್ಸಿ ಫಲಿತಾಂಶ 2019ರಲ್ಲಿ ಶೇ. 77.10ಕ್ಕೆ ಇಳಿಯಿತು. ಆ ವರ್ಷ ಪಠ್ಯ ಹೊಸದು. ಭಾಷಾ ವಿಷಯಗಳಲ್ಲಿ ಬಾಯಿಪಾಠಕ್ಕಿಂತ ಸ್ವಂತ ಅಭಿವ್ಯಕ್ತಿಯನ್ನು ಕೇಳುವ ಕೃತಿಪತ್ರಿಕೆಗಳು ಬಂದಿದ್ದವು, ಶಾಲೆಗಳು ನೀಡುತ್ತಿದ್ದ 20 ಆಂತರಿಕ ಅಂಕಗಳನ್ನು ತೆಗೆಯಲಾಗಿತ್ತು. ಪಾಲಕರು ಕಂಗಾಲಾದರು. ಸಿಬಿಎಸ್‌ಇ, ಐಸಿಎಸ್‌ಇ ಮಕ್ಕಳೆದುರು ನಮ್ಮ ಮಕ್ಕಳಿಗೆ ಒಳ್ಳೆಯ ಕಾಲೇಜುಗಳಲ್ಲಿ ಸೀಟು ಸಿಗದೆಂಬ ಕೂಗೆದ್ದಿತು. ಅದೇ ವರ್ಷ ಸರಕಾರ ಆಂತರಿಕ ಅಂಕಗಳನ್ನು ಮರಳಿಸಿತು. 2020ರ ಫಲಿತಾಂಶ ಶೇ. 95.30! ಮಕ್ಕಳು ಒಂದೇ ವರ್ಷದಲ್ಲಿ ಅಷ್ಟು ಜಾಣರಾದರೆಂದು ಯಾರೂ ನಂಬಲಾರರು. ಪಾಲಕರ ಆತಂಕವೂ ಸುಳ್ಳಲ್ಲ. ಒಂದು ಮಂಡಳಿ ಕಟ್ಟುನಿಟ್ಟಾಗಿ ಅಳೆದು, ಇನ್ನೊಂದು ಕೈಬಿಚ್ಚಿ ಅಂಕ ಕೊಟ್ಟು, ಪ್ರವೇಶ ಮಾತ್ರ ಒಂದೇ ಪಟ್ಟಿಯಲ್ಲಾದರೆ ನಷ್ಟ ಯಾರಿಗೆ?

ಎರಡು ಪ್ರಶ್ನೆಗಳ ಅಂತರ

2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಮರ್ಶಾತ್ಮಕ ಚಿಂತನೆಗೂ ಸಮಸ್ಯೆ ಬಿಡಿಸುವ ಕೌಶಲಕ್ಕೂ ಒತ್ತು ನೀಡಿದೆ. ಸಿಬಿಎಸ್‌ಇ ತನ್ನ ಹನ್ನೊಂದು, ಹನ್ನೆರಡನೇ ತರಗತಿಗಳ ಪ್ರಶ್ನೆಪತ್ರಿಕೆಯಲ್ಲಿ ಸಾಮರ್ಥ್ಯ ಅಳೆಯುವ ಪ್ರಶ್ನೆಗಳ ಪಾಲನ್ನು 2024-25ರಿಂದ ಶೇ. 40ರಿಂದ ಶೇ. 50ಕ್ಕೆ ಏರಿಸಿತು. ಆದರೆ ಕೌಶಲ ಹುಟ್ಟುವುದು ಪ್ರಶ್ನೆಪತ್ರಿಕೆಯಲ್ಲಲ್ಲ, ತರಗತಿಯಲ್ಲಿ.

ಉದಾಹರಣೆಗೆ, '10,000 ಲೀಟರಿನ ಟಾಕಿಗೆ ಎರಡು ನಳಗಳಿವೆ, ತುಂಬಲು ಎಷ್ಟು ಹೊತ್ತು ಬೇಕು?' ಎಂಬ ಲೆಕ್ಕ ನಾವೆಲ್ಲ ಮಾಡಿದ್ದೇ. ಅದಕ್ಕೆ ಸೂತ್ರವಿದೆ, ಒಂದೇ ಉತ್ತರವಿದೆ. ಇದನ್ನೇ ಹೀಗೆ ಕೇಳೋಣ: 20 ಮನೆಗಳ ಕಟ್ಟಡಕ್ಕೆ ದಿನಕ್ಕೆ 12,000 ಲೀಟರ್ ನೀರು ಬರುತ್ತಿತ್ತು. ಮಳೆ ತಡವಾಗಿ ಪಾಲಿಕೆ ಶೇ. 10 ಕಡಿತ ಮಾಡಿದೆ. ಒಂದು ಮನೆಗೆ ಬೀಗ ಹಾಕಿದೆ, ಇನ್ನೊಂದರಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ. ನೀರನ್ನು ಹೇಗೆ ಹಂಚುವಿರಿ?

ಉಳಿದ 10,800 ಲೀಟರನ್ನು 20ರಿಂದ ಭಾಗಿಸಿದರೆ ಮನೆಗೆ 540 ಲೀಟರ್. ಲೆಕ್ಕ ಅಲ್ಲಿಗೆ ಮುಗಿಯುತ್ತದೆ, ಸಮಸ್ಯೆ ಅಲ್ಲಿಂದ ಶುರುವಾಗುತ್ತದೆ. ಬೀಗ ಹಾಕಿದ ಮನೆಯ ಪಾಲು ಯಾರಿಗೆ? ಅಜ್ಜಿಯ ಮನೆಗೆ ಹೆಚ್ಚು ಕೊಡುವುದು ನ್ಯಾಯವೇ? ಒಪ್ಪದವರನ್ನು ಹೇಗೆ ಒಪ್ಪಿಸುವುದು? ಇಲ್ಲಿ ಉತ್ತರಕ್ಕಿಂತ ಕೊಟ್ಟ ಕಾರಣಕ್ಕೆ ಬೆಲೆ. ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲೇ ನಾಲ್ಕು ಹೆಜ್ಜೆಗಳನ್ನು ತೋರಿಸಿಕೊಟ್ಟಿದ್ದರು. ಸಮಸ್ಯೆಯನ್ನು ಅರ್ಥ ಮಾಡಿಕೊಳ್ಳುವುದು, ದಾರಿ ಯೋಚಿಸುವುದು, ಅದರಂತೆ ನಡೆಯುವುದು, ಕೊನೆಗೆ ಹಿಂದಿರುಗಿ ನೋಡುವುದು. ನಮ್ಮ ತರಗತಿಗಳಲ್ಲಿ ಮೂರನೆಯದು ಮಾತ್ರ ನಡೆಯುತ್ತದೆ. ಅರ್ಥ ಮಾಡಿಕೊಂಡು ದಾರಿ ಹೇಳುವವರು ಮೇಷ್ಟ್ರು, ಹಿಂದಿರುಗಿ ನೋಡಲು ಯಾರಿಗೂ ಪುರಸೊತ್ತಿಲ್ಲ.

ಕಾಲೇಜುಗಳ ಕಥೆಯೂ ಭಿನ್ನವಲ್ಲ. ಇಂಜಿನಿಯರಿಂಗ್ ಪದವಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿಯ ಪಟ್ಟಿಯಲ್ಲಿ ಸಮಸ್ಯೆಯ ವಿಶ್ಲೇಷಣೆಗೆ ಮೇಲಿನ ಸ್ಥಾನವಿದೆ. ಅದೇ ಪದವಿಯ ಕೊನೆಯ ವರ್ಷದ ಪ್ರಾಜೆಕ್ಟ್ ಸಿದ್ಧರೂಪದಲ್ಲಿ ಹಣಕ್ಕೆ ಸಿಗುತ್ತದೆ ಎಂಬುದು ಗುಟ್ಟೇನಲ್ಲ.

ಕ್ಯಾಶ್ ಕೌಂಟರಿನ ಪಾಠಶಾಲೆ

ವಿಪರ್ಯಾಸವೆಂದರೆ, ಈ ವಿದ್ಯೆ ನಮ್ಮವರಿಗೆ ಹೊಸದಲ್ಲ. ಊರು ಬಿಟ್ಟು ಬಂದು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತ ತಲೆಮಾರು ಈ ನಗರದಲ್ಲಿ ಬದುಕು ಕಟ್ಟಿಕೊಂಡದ್ದು ನಿರ್ಧಾರಗಳ ಬಲದಿಂದಲೇ. ಹಾಲು ಬಾರದ ಬೆಳಿಗ್ಗೆ ಏನು ಮಾಡುವುದು, ಅಡುಗೆ ಭಟ್ಟರು ಊರಿಗೆ ಹೋದರೆ ಒಲೆಯ ಮುಂದೆ ಯಾರು ನಿಲ್ಲುವುದು, ಸಾಲದ ಗಿರಾಕಿಗೆ ಎಷ್ಟು ದಿನ ಕಾಯುವುದು, ಇವೆಲ್ಲ ಅವರ ಪ್ರಶ್ನೆಪತ್ರಿಕೆಗಳು. ತಪ್ಪಿದರೆ ಅಂಕವಲ್ಲ, ಗಂಟು ಹೋಗುತ್ತಿತ್ತು. ಆ ಕಷ್ಟ ಮಕ್ಕಳಿಗೆ ಬೇಡವೆಂದು ಎಲ್ಲ ನಿರ್ಧಾರಗಳನ್ನೂ ನಾವೇ ಹೊತ್ತುಕೊಂಡೆವು. ಕಷ್ಟದ ಜತೆಗೆ ಕಲಿಕೆಯೂ ಮಕ್ಕಳ ಕೈತಪ್ಪಿತು. ನಮ್ಮ ತಾಳಮದ್ದಳೆಯ ಅರ್ಥಧಾರಿಯನ್ನೇ ನೋಡಿ. ಪದ್ಯ ಗೊತ್ತಿರುತ್ತದೆ, ಎದುರಾಳಿ ಎತ್ತುವ ಪ್ರಶ್ನೆ ಗೊತ್ತಿರುವುದಿಲ್ಲ. ಅಲ್ಲೇ ಯೋಚಿಸಿ ಅಲ್ಲೇ ಉತ್ತರಿಸಬೇಕು. ಬಾಯಿಪಾಠ ಮಾಡಿದವನ ಬಂಡವಾಳ ಎರಡನೇ ಮಾತಿಗೇ ಬಯಲಾಗುತ್ತದೆ.

ದೆಹಲಿಯ ಸರಕಾರಿ ಶಾಲೆಗಳಲ್ಲಿ 2021ರಲ್ಲಿ ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳಿಗೆ ತಲಾ 2,000 ರೂ. ಬಂಡವಾಳ ಕೊಟ್ಟು, ತಂಡ ಕಟ್ಟಿ ಸಣ್ಣ ವ್ಯಾಪಾರ ಮಾಡಿಸುವ ಕಾರ್ಯಕ್ರಮ ನಡೆಯಿತು. ಎಲ್ಲರೂ ಲಾಭ ಮಾಡಬೇಕೆಂದೇನಿಲ್ಲ. ಏನು ಮಾರುವುದು, ಎಷ್ಟಕ್ಕೆ ಮಾರುವುದು ಎಂದು ತಾವೇ ನಿರ್ಧರಿಸಿ, ಅದರ ಫಲವನ್ನು ತಾವೇ ಕಾಣುವ ಅವಕಾಶ ದೊರೆಯುವುದು ಮುಖ್ಯ.

ಸಂಘ-ಸಂಸ್ಥೆಗಳು ಮಾಡಬಹುದಾದದ್ದು

ಜೂನ್, ಜುಲೈ ಬಂತೆಂದರೆ ನಮ್ಮ ಜಾತೀಯ ಹಾಗೂ ಕನ್ನಡ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿ ವೇತನ ವಿತರಣೆಯ ಸಂಭ್ರಮ. ಅದು ಅಭಿನಂದನೀಯವೇ. ಆದರೆ ಶೇ. 90 ದಾಟಿದವರಿಗೆ ಶಾಲು ಹೊದಿಸುವಲ್ಲಿಗೆ ನಮ್ಮ ಕರ್ತವ್ಯ ಮುಗಿಯಬಾರದು. ಪ್ರವೇಶದ ಅರ್ಜಿ ತುಂಬುವ ಮುನ್ನ ಒಂದು ಭಾನುವಾರ ಮಕ್ಕಳನ್ನು ಕೂರಿಸಿ, ಆಯ್ಕೆಗಳ ಪಟ್ಟಿಯನ್ನು ಅವರಿಂದಲೇ ಬರೆಸಿ, ಒಂದೊಂದಕ್ಕೂ ಕಾರಣ ಕೇಳಬಹುದು. ಸಂಘದ ವಾರ್ಷಿಕೋತ್ಸವದ ಒಂದು ವಿಭಾಗವನ್ನು, ಅದರ ಖರ್ಚಿನ ಲೆಕ್ಕದ ಸಮೇತ, ಯುವ ವಿಭಾಗದ ಕೈಗೆ ಪೂರ್ತಿಯಾಗಿ ಒಪ್ಪಿಸಬಹುದು. ತಪ್ಪಾದರೆ ಗದರದೆ, ಏಕಾಯಿತೆಂದು ಜತೆಯಲ್ಲಿ ಕುಳಿತು ನೋಡಬಹುದು.

ಮನೆಯಲ್ಲಿ ಹಿರಿಯರ ಕೆಲಸ ಇನ್ನೂ ಸುಲಭ. ಅನುಭವ ಹೇಳಿ, ಶುಲ್ಕ ಭರಿಸುವ ಶಕ್ತಿ ಎಷ್ಟೆಂದು ಮುಚ್ಚುಮರೆಯಿಲ್ಲದೆ ತಿಳಿಸಿ. ಆಮೇಲೆ ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ಮಗುವಿಗೆ ಬಿಟ್ಟುಕೊಡಿ. ಆ ಕಾಲೇಜಿಗೆ ದಿನವೂ ರೈಲು ಹತ್ತಿ ಹೋಗಬೇಕಾದವರು ಅವರೇ ತಾನೆ?